ಬೀಳದ ಹಾಗೆ, ಬಿದ್ದರೂ ಮುರಿಯದ ಹಾಗೆ: ಮೂಳೆ ಟೊಳ್ಳಾದ ಹಿರಿಯರಿರುವ ಮನೆಗೆ

ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ. ನೋವಾಗುತ್ತದೆ, ಊದಿಕೊಳ್ಳುತ್ತದೆ, ವಾರದಲ್ಲಿ ಇಳಿಯುತ್ತದೆ. ಬಚ್ಚಲಲ್ಲಿ ಜಾರಿ ಕೈಯೂರಿದ್ದಕ್ಕೇ ಮಣಿಕಟ್ಟು ಮುರಿಯಿತು, ನೀರಿನ ಕೊಡ ಎತ್ತಿದ್ದಕ್ಕೇ ಬೆನ್ನೆಲುಬು ಕುಸಿಯಿತು ಎಂದರೆ ಮೂಳೆ ಒಳಗೊಳಗೇ ಟೊಳ್ಳಾಗಿದೆ ಎಂದು ಅರ್ಥ. ಅದನ್ನು ಬಿದ್ದ ಗಳಿಗೆಯ ಮೇಲೆ ಹಾಕಿ ಸುಮ್ಮನಾಗಬಾರದು.

ಮನೆಯವರಿಗೆ ಇಲ್ಲಿ ಎರಡು ಕೆಲಸಗಳಿವೆ. ಬೀಳದ ಹಾಗೆ ಮನೆಯನ್ನೂ ಮೈಯನ್ನೂ ಸಿದ್ಧ ಮಾಡುವುದು ಒಂದು, ಬಿದ್ದರೂ ಮುರಿಯದ ಹಾಗೆ ಮೂಳೆಗೆ ಚಿಕಿತ್ಸೆ ಕೊಡಿಸುವುದು ಇನ್ನೊಂದು. ಬಹಳ ಮನೆಗಳಲ್ಲಿ ಇವೆರಡನ್ನೂ ಬಿಟ್ಟು ಮೂರನೆಯದನ್ನು ಮಾಡುತ್ತಾರೆ: "ಓಡಾಡಬೇಡಿ, ಒಂದ್ ಕಡೆ ಕೂತ್ಕೊಳ್ಳಿ" ಎಂದು ಕೂರಿಸಿಬಿಡುತ್ತಾರೆ. ಪ್ರೀತಿಯಿಂದ ಹೇಳುವ ಮಾತೇ ಅದು, ಆದರೆ ಅದರಷ್ಟು ಕೆಡುಕು ಮಾಡುವುದು ಬೇರೆ ಇಲ್ಲ. ಕೂತಲ್ಲೇ ಕೂತವರ ತೊಡೆಯ ಸ್ನಾಯು ಕೆಲವೇ ವಾರಗಳಲ್ಲಿ ಸೊರಗುತ್ತದೆ, ಮೂಳೆ ಇನ್ನಷ್ಟು ತೆಳುವಾಗುತ್ತದೆ, ಎದ್ದ ದಿನ ಕಾಲು ನಿಲ್ಲುವುದಿಲ್ಲ.

ಮೂಳೆ ಟೊಳ್ಳಾಗಿದೆಯೇ ಎಂದು ತಿಳಿಯುವುದು

ನಮ್ಮ ಕಡೆ "ಮೂಳೆ ಸವೆದಿದೆ" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಕಾಯಿಲೆಗಳು ಸೇರಿಹೋಗಿವೆ. ಮಂಡಿಯ ಕೀಲು ಸವೆಯುವುದು ಒಂದು, ಅದಕ್ಕೆ ನೋವಿದೆ. ಮೂಳೆಯ ಸಾಂದ್ರತೆ ಇಳಿಯುವ ಆಸ್ಟಿಯೊಪೊರೋಸಿಸ್ ಇನ್ನೊಂದು. ಮುರಿಯುವವರೆಗೂ ಅದಕ್ಕೆ ನೋವೇ ಇಲ್ಲ. ಹಾಗಾಗಿ ನೋವಿಲ್ಲ ಎಂಬುದು ಮೂಳೆ ಗಟ್ಟಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಅನುಮಾನ ಪಡಬೇಕಾದ ಗುರುತುಗಳಿವೆ: 50 ದಾಟಿದ ಮೇಲೆ ಸಣ್ಣ ಬೀಳುವಿಕೆಗೇ ಮೂಳೆ ಮುರಿದಿರುವುದು, 45ಕ್ಕೆ ಮೊದಲೇ ಮುಟ್ಟು ನಿಂತಿರುವುದು ಅಥವಾ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿರುವುದು, ಆಸ್ತಮಾಕ್ಕೋ ಸಂಧಿವಾತಕ್ಕೋ ಮೂರು ತಿಂಗಳಿಗೂ ಹೆಚ್ಚು ಕಾಲ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ನುಂಗಿರುವುದು, ತಂದೆಗೋ ತಾಯಿಗೋ ಸೊಂಟ ಮುರಿದಿರುವುದು, ಬೀಡಿ ಮತ್ತು ಮದ್ಯದ ಅಭ್ಯಾಸ. ಎತ್ತರವನ್ನೂ ಅಳೆಯಿರಿ. ಹರೆಯದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಹೆಚ್ಚು ಇಳಿದಿದ್ದರೆ, ಬೆನ್ನು ಗೂನಾಗುತ್ತಿದ್ದರೆ, ಬೆನ್ನೆಲುಬಿನ ಒಂದೆರಡು ಮೂಳೆಗಳು ಸದ್ದಿಲ್ಲದೆ ಕುಸಿದಿರಬಹುದು. ಅದಕ್ಕೆ ಎಕ್ಸ್‌ರೇ ಬೇಕು.

ಇವು ಯಾವುವೂ ಇಲ್ಲದಿದ್ದರೂ ಹೆಂಗಸರು 65 ದಾಟಿದ ಮೇಲೆ, ಗಂಡಸರು 70 ದಾಟಿದ ಮೇಲೆ ಒಮ್ಮೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ವರದಿಯಲ್ಲಿ ಟಿ-ಸ್ಕೋರ್ ನೋಡಿ, ಹರೆಯದವರ ಗಟ್ಟಿ ಮೂಳೆಗೆ ಹೋಲಿಸಿ ಕೊಡುವ ಅಂಕಿ ಅದು: ಮೈನಸ್ 1ರವರೆಗೆ ಸರಿ, ಮೈನಸ್ 1ರಿಂದ 2.5ರ ನಡುವೆ ಇದ್ದರೆ ಸಾಂದ್ರತೆ ಇಳಿಯುತ್ತಿದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಉಚಿತ ಕ್ಯಾಂಪುಗಳಲ್ಲಿ ಹಿಮ್ಮಡಿಯನ್ನು ಯಂತ್ರದೊಳಗಿಟ್ಟು ನೋಡುವ ಪರೀಕ್ಷೆ ಬರೀ ಸುಳಿವು ಕೊಡುತ್ತದೆ. ಆ ಚೀಟಿ ಹಿಡಿದು ಮಾತ್ರೆ ಶುರು ಮಾಡಬೇಡಿ, "ನಾರ್ಮಲ್" ಎಂದು ಬಂದರೆ ನೆಚ್ಚಿಕೊಂಡು ಕೂರಲೂ ಬೇಡಿ.

ಬಿದ್ದದ್ದನ್ನು ಕೇಳಿ ತಿಳಿಯಿರಿ

ಬಿದ್ದ ಸುದ್ದಿಯನ್ನು ಹಿರಿಯರು ತಾವಾಗಿ ಹೇಳುವುದು ಕಡಿಮೆ. ಹೇಳಿದರೆ ಒಬ್ಬರೇ ದೇವಸ್ಥಾನಕ್ಕೆ ಕಳಿಸುವುದಿಲ್ಲ, ಒಲೆ ಹತ್ತಿರ ಬಿಡುವುದಿಲ್ಲ ಎಂಬ ಭಯ. "ಬಿದ್ದಿದ್ರಾ?" ಎಂದರೆ "ಏನಿಲ್ಲ ಕಣಪ್ಪ, ಸುಮ್ನೆ ಕಾಲು ಜಾರ್ತು" ಎಂಬ ಉತ್ತರ ಬರುತ್ತದೆ. ಅದಕ್ಕೆ ಬೇರೆ ರೀತಿ ಕೇಳಿ: "ಹೋದ ಯುಗಾದಿಯಿಂದ ಈಚೆಗೆ ಎಲ್ಲೆಲ್ಲಿ ತಡವರಿಸಿ ಗೋಡೆ ಹಿಡ್ಕೊಂಡ್ರಿ?" ಬೀಳದೆ ತಪ್ಪಿಸಿಕೊಂಡ ಜಾಗಗಳೇ ನಾಳೆ ಬೀಳುವ ಜಾಗಗಳು. ಹೊತ್ತು ಯಾವುದು, ಕಾಲಲ್ಲಿ ಏನಿತ್ತು, ಕೈಯಲ್ಲಿ ಏನು ಹಿಡಿದಿದ್ದರು, ಮೊದಲು ತಲೆ ತಿರುಗಿತೇ, ಇಷ್ಟನ್ನು ಬರೆದಿಡಿ. ಹೇಗೆ ಬಿದ್ದರೆಂದು ಅವರಿಗೇ ನೆನಪಿಲ್ಲದಿದ್ದರೆ ಪ್ರಜ್ಞೆ ತಪ್ಪಿರಬಹುದು. ಆಗ ಹೃದಯದ ಬಡಿತ ನೋಡಿಸಬೇಕು, ಅವತ್ತೇ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೈಯಿರುವ ಕುರ್ಚಿಯಿಂದ 3 ಮೀಟರ್ ದೂರದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಕುರ್ಚಿಯಿಂದ ಎದ್ದು, ಗೆರೆಯವರೆಗೆ ಮಾಮೂಲಿ ನಡಿಗೆಯಲ್ಲಿ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲಿನಲ್ಲಿ ನೋಡಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡ್ ಅಥವಾ ಹೆಚ್ಚಾದರೆ ಬೀಳುವ ಅಪಾಯವಿದೆ. ಸೆಕೆಂಡಿನಷ್ಟೇ ಮುಖ್ಯ, ತಿರುಗುವಾಗ ಏನಾಗುತ್ತದೆ ಎಂಬುದು. ಸಣ್ಣ ಸಣ್ಣ ಹೆಜ್ಜೆಯಿಟ್ಟು ತಡಕಾಡುತ್ತಾ ತಿರುಗಿದರೆ ವೈದ್ಯರಿಗೆ ಅದನ್ನೇ ಹೇಳಿ.

ಮಂಚದಿಂದ ಬಚ್ಚಲಿಗೆ, ರಾತ್ರಿ ಎರಡು ಗಂಟೆಗೆ

ಮನೆಯ ಕೆಲಸವನ್ನು ಈ ದಾರಿಯಿಂದಲೇ ಶುರು ಮಾಡಿ. ನಿದ್ದೆಗಣ್ಣು, ಕತ್ತಲು, ಮೂತ್ರದ ಅವಸರ, ದಿಢೀರನೆ ಎದ್ದಾಗ ಇಳಿಯುವ ಬಿಪಿ, ಎಲ್ಲವೂ ಒಟ್ಟಿಗೆ ಸೇರುವುದು ಇಲ್ಲೇ.

ಮಂಚದ ಅಂಚಿಗೆ ಕೂತಾಗ ಎರಡೂ ಪಾದಗಳು ಪೂರ್ತಿ ನೆಲ ಮುಟ್ಟಬೇಕು, ಮಂಡಿ ನೇರ ಕೋನದಲ್ಲಿರಬೇಕು. ಹೆಚ್ಚಿನವರಿಗೆ ಹಾಸಿಗೆಯೂ ಸೇರಿ 45ರಿಂದ 50 ಸೆಂ.ಮೀ. ಎತ್ತರ ಸರಿಹೋಗುತ್ತದೆ. ಹಳೇ ಕಾಲದ ಎತ್ತರದ ಮಂಚದಲ್ಲಿ ಕಾಲು ನೇತಾಡುತ್ತದೆ, ಅದರ ಕಾಲುಗಳನ್ನು ಬಡಗಿಯಿಂದ ಕೊಯ್ಯಿಸಿ. ನೆಲದ ಮೇಲೆ ಚಾಪೆ ಹಾಸಿ ಮಲಗುವ ಅಭ್ಯಾಸ ಎಷ್ಟೇ ಹಳೆಯದಾದರೂ ಈಗ ಬಿಡಿಸಿ.

ನಾಲೆ, ಗದ್ದೆ ಹತ್ತಿರವಿರುವ ಮಂಡ್ಯದ ಊರುಗಳಲ್ಲಿ ಸೊಳ್ಳೆ ಪರದೆ ಇಲ್ಲದೆ ಮಲಗುವಂತಿಲ್ಲ. ಅದರ ಅಂಚು ಕಾಲಿಗೆ ಸುತ್ತಿಕೊಂಡು ಮುಗ್ಗರಿಸುವುದುಂಟು. ಇಳಿಯುವ ಬದಿಯಲ್ಲಿ ಪರದೆಯ ಅಂಚು ನೆಲಕ್ಕೆ ತಾಗದ ಹಾಗೆ ಹಾಸಿಗೆಯಡಿ ಸಿಕ್ಕಿಸಿ, ಅಥವಾ ಜಿಪ್ ಇರುವ ಪರದೆ ತನ್ನಿ. ನೈಟಿ, ಪಂಚೆ, ಲಂಗದ ಅಂಚು ಕಣಕಾಲಿಗಿಂತ ನಾಲ್ಕು ಬೆರಳು ಮೇಲಿರಲಿ.

ದೀಪದ ವಿಷಯದಲ್ಲಿ ಜಿಪುಣತನ ಬೇಡ. ಮಂಚದ ಹತ್ತಿರ ಒಂದು, ದಾರಿಯ ನಡುವೆ ಒಂದು, ಬಚ್ಚಲ ಬಾಗಿಲಲ್ಲಿ ಒಂದು, ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಎಲ್‌ಇಡಿ ದೀಪ ರಾತ್ರಿಯಿಡೀ ಉರಿಯಲಿ. ಇಡೀ ತಿಂಗಳು ಉರಿದರೂ ಬಿಲ್ಲಿನಲ್ಲಿ ಗೊತ್ತಾಗುವುದಿಲ್ಲ. ಕರೆಂಟ್ ಹೋದರೆ ತಾನೇ ಉರಿಯುವ ಎಮರ್ಜೆನ್ಸಿ ಬಲ್ಬ್ ಬಚ್ಚಲ ಹತ್ತಿರದ ಹೋಲ್ಡರಿಗೆ ಹಾಕಿ. ಟಾರ್ಚು ದಿಂಬಿನ ಪಕ್ಕದಲ್ಲಿರಲಿ, ಆದರೆ ಅದನ್ನೇ ನಂಬಬೇಡಿ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು ಹಿಡಿದರೆ ಗೋಡೆ ಹಿಡಿಯಲು ಕೈ ಉಳಿಯುವುದಿಲ್ಲ.

ಏಳುವ ಕ್ರಮ ಹೀಗಿರಲಿ: ಪಕ್ಕಕ್ಕೆ ಹೊರಳಿ, ಮೊಣಕೈಯೂರಿ ಕೂರುವುದು. ಕೂತಲ್ಲೇ ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸುವುದು. ಒಂದು ನಿಮಿಷ ಕಳೆದ ಮೇಲೆ ಮಂಚ ಹಿಡಿದು ನಿಂತು, 20 ಎಣಿಸಿ, ತಲೆ ಹಗುರವಾಗದಿದ್ದರೆ ಮಾತ್ರ ಹೆಜ್ಜೆ ಇಡುವುದು. ಮೂರು ನಾಲ್ಕು ಸಲ ಎದ್ದು ಹೋಗುವವರಿಗೆ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡಿ. ಗಂಡಸರಿಗೆ ಯೂರಿನ್ ಪಾಟ್ ಸಾಕು. ಸಂಕೋಚಪಡುತ್ತಾರೆ, ನಿಜ. ಬೆಳಗ್ಗೆ ಯಾರಿಗೂ ಕಾಣದ ಹಾಗೆ ನೀವೇ ತೆಗೆದಿಟ್ಟರೆ ಹದಿನೈದು ದಿನದಲ್ಲಿ ರೂಢಿಯಾಗುತ್ತದೆ.

ಬಚ್ಚಲುಮನೆ

ಹೆಚ್ಚು ದುಡ್ಡು ಹಾಕಬೇಕಾದ ಜಾಗ ಇದು.

ಟವೆಲ್ ರಾಡು, ನಲ್ಲಿ, ವಾಶ್‌ಬೇಸಿನ್, ಬಾಗಿಲ ಚಿಲಕ, ಜಾರುವಾಗ ಕೈಗೆ ಸಿಗುವುದು ಇವೇ, ಕಿತ್ತು ಬರುವುದೂ ಇವೇ. ಮೈಭಾರ ತಡೆಯುವ ಸ್ಟೀಲ್ ಗ್ರ್ಯಾಬ್ ಬಾರ್ ಹಾಕಿಸಿ. ದಪ್ಪ 32ರಿಂದ 38 ಮಿ.ಮೀ. ಇರಲಿ, ಗೋಡೆಗೂ ಅದಕ್ಕೂ ನಡುವೆ ಸುಮಾರು 40 ಮಿ.ಮೀ. ಸಂದು ಇರಲಿ. ಸಂದು ಹೆಚ್ಚಾದರೆ ಜಾರಿದಾಗ ಮೊಣಕೈಯೇ ಒಳಗೆ ಸಿಕ್ಕಿಕೊಳ್ಳುತ್ತದೆ. ಕಮೋಡಿನ ಪಕ್ಕದ್ದು ನೆಲದಿಂದ 70ರಿಂದ 80 ಸೆಂ.ಮೀ. ಎತ್ತರದಲ್ಲಿ ಅಡ್ಡಲಾಗಿ, ಸ್ನಾನದ ಜಾಗಕ್ಕೆ ಕಾಲಿಡುವಲ್ಲಿ ಇನ್ನೊಂದು ನೆಟ್ಟಗೆ. ಎತ್ತರ ಗುರುತು ಹಾಕುವ ಮೊದಲು ಅಮ್ಮನನ್ನೋ ತಾತನನ್ನೋ ಅಲ್ಲಿ ಕೂರಿಸಿ, ಕೈ ಎಲ್ಲಿಗೆ ಹೋಗುತ್ತದೆ ನೋಡಿ.

ಗೋಡೆ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. ಗಟ್ಟಿ ಇಟ್ಟಿಗೆಯ ಸಿಮೆಂಟ್ ಗೋಡೆಗೆ ಆ್ಯಂಕರ್ ಫಾಸ್ಟನರ್ (ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟ್) ಸಾಕು, ಆದರೆ ಅದು ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಹಾಲೋ ಬ್ಲಾಕ್ ಗೋಡೆಗೆ ಕೆಮಿಕಲ್ ಆ್ಯಂಕರ್ (ಅಂಟು ತುಂಬಿ ಕೂರಿಸುವ ಬೋಲ್ಟ್) ಬೇಕು. ಹಳ್ಳಿಯ ಹಳೇ ಮಣ್ಣಿನ ಗೋಡೆಗೆ ಯಾವ ಫಾಸ್ಟನರ್ರೂ ನಿಲ್ಲುವುದಿಲ್ಲ. ಅಲ್ಲಿ ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟ್ ತೂರಿಸಿ, ಇಲ್ಲವೇ ನೆಲದಿಂದಲೇ ಕಂಬಿ ನಿಲ್ಲಿಸಿ. ಗೋಡೆಗೆ ಅಂಟುವ ರಬ್ಬರ್ ಬಟ್ಟಲಿನ ಹಿಡಿಗಳು ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುತ್ತವೆ, ತರಬೇಡಿ. ಗಾಳಿ ಬಿಟ್ಟುಕೊಂಡದ್ದು ಗೊತ್ತಾಗುವುದು ಹಿಡಿದ ಮೇಲೆಯೇ. ಹಾಕಿಸಿದ ಮೇಲೆ ನೀವೇ ಮೈಭಾರವೆಲ್ಲ ಬಿಟ್ಟು ಜಗ್ಗಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಮತ್ತೆ ಹಾಕಿಸಿ.

ಕಮೋಡಿನ ಎತ್ತರ 43ರಿಂದ 48 ಸೆಂ.ಮೀ. ಇರಬೇಕು. ತಗ್ಗಿದ್ದರೆ ಮೇಲೆ ಕೂರಿಸುವ ರೈಸರ್ ಸಿಗುತ್ತದೆ. ಕುಕ್ಕರಗಾಲಿನ ಟಾಯ್ಲೆಟ್ ಆಗಿದ್ದರೆ ಒಡೆಸುವ ಅಗತ್ಯವಿಲ್ಲ, ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಅದರ ಮೇಲೆ ನಿಲ್ಲಿಸಿದರೆ ಸಾಕು. ಕಾಲಿನ ರಬ್ಬರ್ ಬುಶ್ ಸವೆದಾಗ ಬದಲಿಸಿ.

ಸ್ನಾನ ಕೂತೇ ಆಗಲಿ, ಆದರೆ ಮಣೆಯ ಮೇಲಲ್ಲ. ಸುಮಾರು 45 ಸೆಂ.ಮೀ. ಎತ್ತರದ, ಅಗಲ ಕಾಲಿನ, ರಬ್ಬರ್ ಬುಶ್ ಇರುವ ಸ್ಟೂಲು ಬೇಕು. ತೆಳು ಪ್ಲಾಸ್ಟಿಕ್ ಸ್ಟೂಲಿನ ಕಾಲು ಒದ್ದೆ ನೆಲದಲ್ಲಿ ಹರಡಿಕೊಂಡು ಮುರಿಯುತ್ತದೆ. ಬಕೆಟ್ಟನ್ನು ನೆಲದ ಮೇಲಿಟ್ಟರೆ ಪ್ರತಿ ಚೊಂಬಿಗೂ ಬಗ್ಗಬೇಕು, ಟೊಳ್ಳು ಬೆನ್ನೆಲುಬಿಗೆ ಅದು ಕೆಟ್ಟದ್ದು. ಬಕೆಟ್ಟನ್ನೂ ಇನ್ನೊಂದು ಗಟ್ಟಿ ಸ್ಟೂಲಿನ ಮೇಲಿಡಿ, ಅಥವಾ ಹ್ಯಾಂಡ್ ಶವರ್ ಹಾಕಿಸಿ. ಹಂಡೆಯಿಂದ ಬಿಸಿನೀರು ತೋಡಿ ಹೊರುವ ಕೆಲಸ ಬೇರೆಯವರದ್ದಾಗಲಿ.

ಅಭ್ಯಂಜನದ ದಿನಕ್ಕೆ ವಿಶೇಷ ಎಚ್ಚರಿಕೆ ಬೇಕು. ದೀಪಾವಳಿ, ಯುಗಾದಿ ಎಂದರೆ ಎಣ್ಣೆ ಸ್ನಾನ ತಪ್ಪಿಸಲು ಅಜ್ಜಿ ಒಪ್ಪುವುದಿಲ್ಲ, ತಪ್ಪಿಸಬೇಕಾಗಿಯೂ ಇಲ್ಲ. ಎಣ್ಣೆಯನ್ನು ಬಚ್ಚಲ ಹೊರಗೆ, ಕುರ್ಚಿಯಲ್ಲಿ ಕೂರಿಸಿ, ಕೆಳಗೆ ಹಳೇ ಬಟ್ಟೆ ಹಾಸಿ ಹಚ್ಚಿ. ಅಂಗಾಲಿಗೆ ಮಾತ್ರ ಹಚ್ಚಬೇಡಿ. ಅಕಸ್ಮಾತ್ ತಾಗಿದ್ದರೆ ಕಡಲೆಹಿಟ್ಟು ಸವರಿ ಒರೆಸಿದ ಮೇಲೇ ಎಬ್ಬಿಸಿ. ಸೀಗೆಪುಡಿಯ ಲೋಳೆ ಎಣ್ಣೆಯಷ್ಟೇ ಜಾರುತ್ತದೆ, ಆದ್ದರಿಂದ ಸ್ಟೂಲಿನಿಂದ ಏಳುವ ಮೊದಲು ನೆಲಕ್ಕೆ ಎರಡು ಬಕೆಟ್ ನೀರು ಹೊಯ್ಯಿರಿ. ಸುಡು ಸುಡು ನೀರು ಹುಯ್ದುಕೊಂಡರೆ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ, ಎದ್ದು ನಿಂತೊಡನೆ ಕಣ್ಣು ಕತ್ತಲೆ ಬರುತ್ತದೆ. ಉಗುರು ಬೆಚ್ಚಗಿನ ನೀರು ಸಾಕು. ಮುಗಿದ ಮೇಲೆ ಕೂತೇ ಅಂಗಾಲು ಒರೆಸಿಕೊಳ್ಳಲಿ.

ನೆಲಕ್ಕೆ ಸೋಪಿನ ಜಿಡ್ಡು ಕಟ್ಟದ ಹಾಗೆ ವಾರಕ್ಕೊಮ್ಮೆ ಬ್ರಶ್ ಹಾಕಿ ಉಜ್ಜಿ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಒಟ್ಟಿಗೆ ಹಾಕಬೇಡಿ, ವಿಷಾನಿಲ ಏಳುತ್ತದೆ. ರಬ್ಬರ್ ಬಟ್ಟಲುಗಳಿರುವ ಮ್ಯಾಟು ನುಣುಪು ಟೈಲ್ಸಿಗೆ ಮಾತ್ರ ಅಂಟುತ್ತದೆ. ಚಪ್ಪಡಿ ಕಲ್ಲು, ಒರಟು ಟೈಲ್ಸ್ ಮೇಲೆ ಅದೇ ಜಾರುಗಾಡಿಯಾಗುತ್ತದೆ. ಅಲ್ಲಿ ತೂತುಗಳಿರುವ ಭಾರದ ರಬ್ಬರ್ ಮ್ಯಾಟ್ ಬೇಕು. ಹೊಸ ಟೈಲ್ಸ್ ಕೊಳ್ಳುವುದಾದರೆ ಅಂಗಡಿಯಲ್ಲೇ ಸೋಪುನೀರು ಚೆಲ್ಲಿ ಬರಿಗಾಲಲ್ಲಿ ಉಜ್ಜಿ ನೋಡಿ, ಹೆಸರನ್ನು ನಂಬಬೇಡಿ.

ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಬಿದ್ದವರೇ ಅದಕ್ಕೆ ಅಡ್ಡವಾಗುತ್ತಾರೆ, ಹೊರಗಿನವರು ತಳ್ಳುವಂತಿಲ್ಲ. ಹೊರಕ್ಕೆ ತೆರೆಯುವ ಹಾಗೆ ಕೀಲು ಬದಲಿಸಿ. ಅದಾಗದಿದ್ದರೆ ಒಳಚಿಲಕ ತೆಗೆಸಿ, ಹೊರಗೆ ಒಂದು ಕೆಂಪು ಬಟ್ಟೆ ಇಳಿಬಿಡುವ ರೂಢಿ ಮಾಡಿ. ಬಟ್ಟೆ ಕಂಡರೆ ಒಳಗೆ ಯಾರೋ ಇದ್ದಾರೆ ಎಂದು ಮನೆಯವರಿಗೆಲ್ಲ ತಿಳಿಯುತ್ತದೆ.

ಹೊಸ್ತಿಲು, ನೆಲ, ಅಟ್ಟ

ಅರಿಸಿನ ಕುಂಕುಮ ಹಚ್ಚಿ ಪೂಜಿಸುವ ಹೊಸ್ತಿಲನ್ನು ಕೀಳಿಸಿ ಎಂದು ಹೇಳುವುದಿಲ್ಲ. ಕೀಳದೆಯೂ ದಾರಿಯಿದೆ. ಹೊಸ್ತಿಲಿನ ಎರಡೂ ಕಡೆ ನೆಲಕ್ಕಿಂತ ಬೇರೆ ಬಣ್ಣದ, ಎದ್ದು ಕಾಣುವ ಪಟ್ಟಿ ಬಳಿಯಿರಿ, ಬಾಗಿಲುವಾಡಕ್ಕೆ ಎದೆಮಟ್ಟದಲ್ಲಿ ಒಂದು ಹಿಡಿ ಹೊಡೆಸಿ. ವಾಕರ್ ಬಳಸುವವರಿದ್ದರೆ ಸಣ್ಣ ಇಳಿಜಾರು ಹಲಗೆ ಬೇಕು: ಎತ್ತರದ ಹನ್ನೆರಡರಷ್ಟು ಉದ್ದ, ಅಂದರೆ 6 ಸೆಂ.ಮೀ. ಹೊಸ್ತಿಲಿಗೆ 72 ಸೆಂ.ಮೀ. ಹಲಗೆ. ಅದಕ್ಕಿಂತ ಗಿಡ್ಡಗಾದರೆ ಇಳಿಯುವಾಗ ವಾಕರ್ ಮುಂದಕ್ಕೆ ಓಡುತ್ತದೆ. ಒಳಮನೆಗಳ ನಡುವಿನ ಹೊಸ್ತಿಲಿಗೆ ಪೂಜೆಯಿಲ್ಲದಿದ್ದರೆ ಅವನ್ನು ಸಮತಟ್ಟು ಮಾಡಿಸಿಬಿಡಿ.

ಹಳೇ ಮೈಸೂರಿನ ಮನೆಗಳ ರೆಡ್ ಆಕ್ಸೈಡ್ ನೆಲ ಒಣಗಿದ್ದಾಗ ಕಾಲಿಗೆ ಹಿತ, ನಾಲ್ಕು ಹನಿ ನೀರು ಬಿದ್ದರೆ ಗಾಜು. ಹೊಸ ಬಡಾವಣೆಗಳ ವಿಟ್ರಿಫೈಡ್ ಟೈಲ್ಸೂ ಹಾಗೆಯೇ. ನೆಲ ಒರೆಸಿ ಪೂರ್ತಿ ಒಣಗುವವರೆಗೆ ಹಿರಿಯರು ಕೂತೇ ಇರಲಿ. ಹಳೇ ಸೀರೆಯ ಕಾಲೊರಸುಗಳನ್ನು ತೆಗೆದುಬಿಡಿ, ರಬ್ಬರ್ ತಳದ್ದು ಹಾಕಿ. ತೊಟ್ಟಿಮನೆಯಾದರೆ ತೊಟ್ಟಿಗೆ ಇಳಿಯುವ ಅಂಚಿಗೆ, ಜಗಲಿಯ ಮೆಟ್ಟಿಲಿನ ಅಂಚಿಗೆ ಎರಡು ಇಂಚು ಅಗಲದ ಹಳದಿ ಪಟ್ಟಿ ಬಳಿಯಿರಿ. ಮಳೆಗಾಲದಲ್ಲಿ ತೊಟ್ಟಿಯ ಕಲ್ಲಿಗೂ ಹಿತ್ತಿಲ ದಾರಿಗೂ ಪಾಚಿ ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ತಂತಿ ಬ್ರಶ್ಶಿನಲ್ಲಿ ಉಜ್ಜಿಸಿ.

ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ಸೊಂಟ ಮಡಚಿ ರಂಗೋಲಿ ಬಿಡುವುದು ಬೀಳದೆಯೂ ಬೆನ್ನೆಲುಬು ಮುರಿಯಬಲ್ಲ ಭಂಗಿ. ಮುಂದಕ್ಕೆ ಬಾಗಿದಾಗ ಟೊಳ್ಳು ಬೆನ್ನುಮೂಳೆಯ ಮುಂಭಾಗ ಜಜ್ಜಿಹೋಗಬಹುದು. ಅಜ್ಜಿಗೆ ಹೊಸ್ತಿಲ ರಂಗೋಲಿ ಸಾಕು, ಕುರ್ಚಿಯಲ್ಲಿ ಕೂತು ಚಿಕ್ಕ ಪೀಠದ ಮೇಲೆ ಬಿಡಲಿ. ಅಂಗಳದ್ದನ್ನು ಸೊಸೆಯೋ ಮೊಮ್ಮಗನೋ ಬಿಡಲಿ.

ಇನ್ನು ದಸರಾ ಗೊಂಬೆ. ಅಟ್ಟದ ಮೇಲಿನ ಪೆಟ್ಟಿಗೆಗೆ ಕೈ ಹಾಕಲು ಸ್ಟೂಲು ಹತ್ತುವುದು, ಪಟ್ಟದ ಗೊಂಬೆಯನ್ನು ಬೇರೆಯವರು ಮುಟ್ಟಿ ಒಡೆದಾರೆಂಬ ಆತಂಕದಿಂದ ತಾವೇ ಹತ್ತುವುದು, ಇದು ಮೈಸೂರಿನ ಮನೆಗಳಲ್ಲಿ ಪ್ರತಿ ವರ್ಷ ನಡೆಯುವಂಥದ್ದು. ನವರಾತ್ರಿಗೆ ಎರಡು ವಾರ ಮೊದಲೇ ಪೆಟ್ಟಿಗೆಗಳನ್ನು ಇಳಿಸಿಕೊಡಿ. ಮುಗಿದ ಮೇಲೆ ಅಟ್ಟಕ್ಕೆ ಹಾಕದೆ, ಸೊಂಟಕ್ಕೂ ಭುಜಕ್ಕೂ ನಡುವಿನ ಎತ್ತರದ ಬೀರುವಿನಲ್ಲಿ ಜಾಗ ಮಾಡಿ. ಅಡುಗೆಮನೆಗೂ ಇದೇ ಅಳತೆ: ದಿನ ಬಳಸುವ ಡಬ್ಬಗಳು ಸೊಂಟಕ್ಕಿಂತ ಕೆಳಗೂ ಬೇಡ, ಭುಜಕ್ಕಿಂತ ಮೇಲೂ ಬೇಡ.

ಕಾಲಿಗೆ, ಕಣ್ಣಿಗೆ, ಕೈಗೆ

ಹವಾಯಿ ಚಪ್ಪಲಿ ಹಿಮ್ಮಡಿಯಲ್ಲಿ ಹಿಡಿತವಿಲ್ಲದ್ದು, ಬೇಡ. ಹಿಂದೆ ಪಟ್ಟಿಯಿರುವ, ತೆಳುವಾದ ಗಟ್ಟಿ ರಬ್ಬರ್ ತಳದ ಚಪ್ಪಲಿ ಬೇಕು. ಮನೆಯೊಳಗೆ ಚಪ್ಪಲಿ ಹಾಕುವುದು ಅನೇಕರಿಗೆ ಒಗ್ಗುವುದಿಲ್ಲ. ಒಳಗೆ ಮಾತ್ರ ಬಳಸುವ ಒಂದು ಜೊತೆಯನ್ನು ಬೇರೆಯಾಗಿಡಿ, ದೇವರ ಮನೆಯ ಮುಂದೆ ಕುರ್ಚಿ ಹಾಕಿ, ಕೂತು ಬಿಚ್ಚಲಿ. ಟೈಲ್ಸ್ ಮೇಲೆ ಬರೀ ಸಾಕ್ಸ್ ಎಂದಿಗೂ ಬೇಡ.

ಎರಡು ಪವರ್‌ನ ಕನ್ನಡಕ ಹಾಕಿ ಮೆಟ್ಟಿಲಿಳಿದರೆ ಕೆಳಗಿನ ಭಾಗದಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಹೊರಗೆ ಹೋಗಲು ದೂರದೃಷ್ಟಿಯದ್ದೇ ಬೇರೆ ಕನ್ನಡಕ ಮಾಡಿಸಿ. ಕಣ್ಣಿನ ಪೊರೆಯ ಆಪರೇಷನ್ನನ್ನು "ಇನ್ನೂ ಬೆಳೆಯಲಿ" ಎಂದು ಮುಂದೂಡಬೇಡಿ.

ಊರುಗೋಲಿನ ಎತ್ತರ ಅಳೆಯುವುದು ಹೀಗೆ: ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿದೆಯೋ ಅಲ್ಲಿಗೆ ಹಿಡಿ ಬರಬೇಕು. ನೋವಿರುವುದು ಬಲಗಾಲಾದರೆ ಕೋಲು ಎಡಗೈಯಲ್ಲಿ. ಬಹುಮಂದಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮತ್ತು ಕೋಲು ಮೊದಲು. ತುದಿಯ ರಬ್ಬರ್ ಬುಶ್‌ನ ಗೆರೆಗಳು ಸವೆದು ನುಣ್ಣಗಾದರೆ ಬದಲಿಸಿ.

ಹೊರಗೆ ಹೊರಟಾಗ

ಬಸ್ಸಿನ ಹಿಂದಿನ ಸೀಟು ಬೇಡವೇ ಬೇಡ. ಹಂಪ್ ಹಾರಿದಾಗ ಹಿಂದಿನ ಚಕ್ರದಾಚೆಯ ಸೀಟುಗಳಲ್ಲಿ ಕೂತವರು ಮೇಲೆದ್ದು ಕುಕ್ಕರಿಸುತ್ತಾರೆ, ಆ ಒಂದು ಪೆಟ್ಟಿಗೆ ಟೊಳ್ಳು ಬೆನ್ನೆಲುಬು ಕುಸಿಯುತ್ತದೆ. ಎರಡು ಚಕ್ರಗಳ ನಡುವಿನ ಸೀಟು ಕೇಳಿ ಕೂರಿಸಿ. ಬಸ್ಸು ಪೂರ್ತಿ ನಿಂತ ಮೇಲೇ ಸೀಟು ಬಿಟ್ಟೇಳಲಿ. ಸ್ಕೂಟರಿನಲ್ಲಿ ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂರುವುದಕ್ಕಿಂತ ಆಟೋ ವಾಸಿ. ನಂಜನಗೂಡೋ ಶ್ರೀರಂಗಪಟ್ಟಣವೋ, ಹೊಳೆಯ ಸೋಪಾನದ ಒದ್ದೆ ಮೆಟ್ಟಿಲಿಗೆ ಇಳಿಸದೆ, ಚೊಂಬಿನಲ್ಲಿ ನೀರು ತಂದು ತಲೆಗೆ ಪ್ರೋಕ್ಷಿಸಿ. ಸಾಷ್ಟಾಂಗದ ಬದಲು ನಿಂತೇ ಕೈ ಮುಗಿಯಲಿ.

ಬೀಳಿಸುವ ಮಾತ್ರೆಗಳು

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದೂ ಸೇರಿ, ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದೆ ಸುರಿಯಿರಿ. ಅಲ್ಪ್ರಜೊಲಾಮ್, ಕ್ಲೊನಜೆಪಾಮ್, ಜೊಲ್ಪಿಡೆಮ್‌ನಂಥ ನಿದ್ದೆ ಮಾತ್ರೆಗಳು ಮೊದಲ ಅನುಮಾನಿತರು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟಿನ ಟ್ಯಾಮ್ಸುಲೊಸಿನ್, ಶುಗರ್ ತೀರಾ ಇಳಿಸುವ ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್, ನೆಗಡಿಗೆ ಅಂಗಡಿಯಲ್ಲೇ ಕೊಡುವ ಮಂಪರು ತರಿಸುವ ಮಾತ್ರೆ, ಇವುಗಳೆಲ್ಲ ಸಾಲಿನಲ್ಲಿವೆ. ನೀವಾಗಿ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಿಗೆ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದನ್ನು ಹಂತ ಹಂತವಾಗಿ ಇಳಿಸಬೇಕು.

ವೈದ್ಯರ ಬಳಿ ಹೋಗುವ ಮೊದಲು ಮನೆಯಲ್ಲೇ ಬಿಪಿ ನೋಡಿ: 5 ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದು ನಿಂತು 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಒಮ್ಮೆ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗ ಬಿಪಿ ಬೀಳುತ್ತಿದೆ. ಆ ಮೂರು ಸಂಖ್ಯೆಗಳನ್ನು ಬರೆದುಕೊಂಡು ಹೋಗಿ. ಕ್ಲಿನಿಕ್ಕಿನಲ್ಲಿ ಕೂತು ನೋಡಿಸಿದ ಬಿಪಿಯಲ್ಲಿ ಇದು ಕಾಣುವುದಿಲ್ಲ.

ಕಾಲಿಗೆ ಬಲ, ಮೈಗೆ ಸಮತೋಲ

ಬರೀ ವಾಕಿಂಗ್ ಸಾಲದು. ಕುಕ್ಕರಹಳ್ಳಿ ಕೆರೆ ದಿನಾ ಸುತ್ತುವವರೂ ಬೀಳುತ್ತಾರೆ. ಬೀಳುವುದನ್ನು ತಗ್ಗಿಸುವುದು ಕಾಲಿನ ಬಲ ಮತ್ತು ಸಮತೋಲದ ವ್ಯಾಯಾಮ. ಇವನ್ನು ಬಿಡದೆ ಮಾಡಿದವರಲ್ಲಿ ಬೀಳುವುದು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ.

ಅಡುಗೆಮನೆಯ ಕಟ್ಟೆಯೇ ಜಿಮ್. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು 10 ಸಲ, ಸುಧಾರಿಸಿಕೊಂಡು ಮತ್ತೆ 10. ಕೂರುವಾಗ ಧೊಪ್ಪೆಂದು ಬೀಳದೆ ಮೂರು ಎಣಿಸುತ್ತಾ ಇಳಿಯಬೇಕು, ಬಲ ಬರುವುದು ಅಲ್ಲೇ. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 10 ಸಲ. ಕಟ್ಟೆಯುದ್ದಕ್ಕೂ ಪಕ್ಕಕ್ಕೆ ಹೆಜ್ಜೆಯಿಡುತ್ತಾ ಹೋಗಿ ಬರುವುದು. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ 10 ಸೆಕೆಂಡ್ ನಿಲ್ಲುವುದು, ಮೊದಲು ಎರಡು ಕೈ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು. ವಾರಕ್ಕೆ ಕನಿಷ್ಠ ಮೂರು ದಿನ. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದು ಕರಗುತ್ತದೆ. ಮಂಡಿ ನೋವಿದ್ದವರಿಗೆ ಕುರ್ಚಿಯ ಮೇಲೆ ದಪ್ಪ ದಿಂಬಿಟ್ಟು ಎತ್ತರ ಮಾಡಿ.

ಮೈಸೂರಿನಲ್ಲಿ ಬೀದಿಗೊಂದು ಯೋಗ ತರಗತಿ ಇದೆ. ಗುರುಗಳಿಗೆ ಮೊದಲೇ ಹೇಳಿ: ಬೆನ್ನೆಲುಬು ಟೊಳ್ಳಾದವರಿಗೆ ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನ, ಸರ್ವಾಂಗಾಸನ ಬೇಡ, ಮೈ ತೀರಾ ತಿರುಚುವ ಆಸನಗಳೂ ಬೇಡ. ತಾಡಾಸನ, ಗೋಡೆ ಹಿಡಿದ ವೃಕ್ಷಾಸನ, ಕುರ್ಚಿಯ ಮೇಲಿನ ಆಸನಗಳು ಆಗಬಹುದು.

ಊಟ, ಬಿಸಿಲು, ಔಷಧ

ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ ಸುಮಾರು 1,200 ಮಿ.ಗ್ರಾಂ., ಗಂಡಸರಿಗೆ 70ರವರೆಗೆ 1,000, ಆಮೇಲೆ 1,200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಇದೆ, ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240. ಮುದ್ದೆ ಉಣ್ಣುವ ಮಂಡ್ಯದವರಿಗೆ ಇದು ವರ. ಆದರೆ ವಯಸ್ಸಾದಂತೆ ಮುದ್ದೆ ಚಿಕ್ಕದಾಗುತ್ತಾ ಬರುತ್ತದೆ, ಹಾಲು ಕಾಫಿಗಷ್ಟೇ ಸೀಮಿತವಾಗುತ್ತದೆ. ಬೆಳಗ್ಗೆ ರಾಗಿ ಗಂಜಿಗೆ ಹಾಲು, ಮಧ್ಯಾಹ್ನ ಮೊಸರು, ವಾರಕ್ಕೆರಡು ಸಲ ನುಗ್ಗೆಸೊಪ್ಪು, ಚಟ್ನಿಗೆ ಒಂದು ಚಮಚ ಎಳ್ಳು ಸೇರಿಸಿ. ಬೇಳೆ, ಹುರುಳಿ, ಮೊಳಕೆಕಾಳು, ಮೊಟ್ಟೆ ದಿನವೂ ಯಾವುದಾದರೊಂದು ಇರಲಿ. ಬರೀ ಅನ್ನ ತಿಳಿಸಾರಿನಲ್ಲಿ ಸ್ನಾಯು ಉಳಿಯುವುದಿಲ್ಲ.

ಬೆಳಗಿನ 7ರ ಎಳೆಬಿಸಿಲಲ್ಲಿ ವಿಟಮಿನ್ ಡಿ ಅಷ್ಟಾಗಿ ತಯಾರಾಗುವುದಿಲ್ಲ. ಅದಕ್ಕೆ ಬೇಕಾದ ಕಿರಣ ಹೆಚ್ಚು ಸಿಗುವುದು ಸುಮಾರು 11ರಿಂದ 3ರ ನಡುವೆ. ಮುಖಕ್ಕೆ ನೆರಳು ಮಾಡಿ, ತೋಳು ಮತ್ತು ಕಾಲಿಗೆ ಬಿಸಿಲು ಬೀಳುವಂತೆ 15ರಿಂದ 20 ನಿಮಿಷ ಕೂರಲಿ. ಬೇಸಿಗೆಯಲ್ಲಿ ಇನ್ನೂ ಕಡಿಮೆ ಸಾಕು. ವಾರಕ್ಕೊಂದು 60,000 ಯೂನಿಟ್ಟಿನ ಸ್ಯಾಶೆಯನ್ನು ವೈದ್ಯರು 8 ವಾರಕ್ಕೆ ಬರೆದರೆ 8 ವಾರಕ್ಕೇ ನಿಲ್ಲಿಸಿ. ಹೆಚ್ಚಾದರೂ ಒಳ್ಳೆಯದೇ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವರ್ಷಕ್ಕೊಮ್ಮೆ ಒಟ್ಟಿಗೇ 5 ಲಕ್ಷ ಯೂನಿಟ್ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ (2010) ವೃದ್ಧೆಯರು ಬೀಳುವುದೂ ಮೂಳೆ ಮುರಿಯುವುದೂ ಜಾಸ್ತಿಯಾಯಿತು. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಊಟದ ಜೊತೆಗೆ, ಥೈರಾಯ್ಡ್ ಮಾತ್ರೆಯಿಂದ 4 ಗಂಟೆ ದೂರ.

ಟೊಳ್ಳಾದ ಮೂಳೆಗೆ ಕ್ಯಾಲ್ಸಿಯಂ ಒಂದೇ ಸಾಲದು, ಮೂಳೆ ಕರಗುವುದನ್ನು ತಡೆಯುವ ಔಷಧ ಬೇಕು. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ 70 ಮಿ.ಗ್ರಾಂ. ಮಾತ್ರೆಯಲ್ಲಿ ತಪ್ಪು ನಡೆಯುವುದು ಬೆಳಗಿನ ಕಾಫಿಯಿಂದ. ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಬೇಕು. ಅರ್ಧ ಗಂಟೆ ಕಾಫಿಯೂ ಇಲ್ಲ, ಹಾಲೂ ಇಲ್ಲ, ಮಲಗುವುದಂತೂ ಇಲ್ಲ. ಕಾಫಿಯಲ್ಲಿ ನುಂಗಿದರೆ ಔಷಧ ರಕ್ತಕ್ಕೆ ಸೇರುವುದೇ ಇಲ್ಲವೆನ್ನುವಷ್ಟು ಕಡಿಮೆ, ನುಂಗಿ ಮಲಗಿದರೆ ಅನ್ನನಾಳ ಹುಣ್ಣಾಗುತ್ತದೆ. ಇದಾಗದವರಿಗೆ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೊಲೆಡ್ರೊನಿಕ್ ಆ್ಯಸಿಡ್ 5 ಮಿ.ಗ್ರಾಂ. ಇದೆ. ಕಿಡ್ನಿ ಪರೀಕ್ಷೆ ಮಾಡಿಸದೆ ಇವುಗಳಲ್ಲಿ ಯಾವುದನ್ನೂ ಶುರು ಮಾಡಬಾರದು, ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಿ. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ನಿನ ತಾರೀಖು ತಪ್ಪಲೇಬಾರದು. ನಡುವೆ ಬಿಟ್ಟರೆ ಮೂಳೆ ಭರದಿಂದ ಕರಗಿ ಬೆನ್ನೆಲುಬಿನ ಹಲವು ಮೂಳೆಗಳು ಒಟ್ಟಿಗೆ ಕುಸಿಯಬಹುದು. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ.

ಬಿದ್ದೇಬಿಟ್ಟರೆ

ಓಡಿ ಹೋಗಿ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಮೊದಲು ಮಾತಾಡಿಸಿ. ಒಂದು ಕಾಲು ಗಿಡ್ಡಗಾಗಿ ಪಾದ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿನಲ್ಲಿ ನೋವಿದ್ದರೆ, ಕಾಲೆತ್ತಲಾಗದಿದ್ದರೆ ಸೊಂಟದ ಹತ್ತಿರ ಮುರಿದಿದೆ ಎಂದೇ ತಿಳಿಯಿರಿ. ಕೆಲವೊಮ್ಮೆ ಮುರಿದ ಮೂಳೆ ಒಂದಕ್ಕೊಂದು ಸಿಕ್ಕಿಕೊಂಡು ಕುಂಟುತ್ತಾ ನಡೆಯುವವರೂ ಇದ್ದಾರೆ. ತೊಡೆಸಂದಿನ ನೋವು ಮರುದಿನಕ್ಕೂ ಉಳಿದರೆ ಎಕ್ಸ್‌ರೇ ತಪ್ಪಿಸಬೇಡಿ. ಎಣ್ಣೆ ಹಚ್ಚಿ ನೀವಿಸುವುದು, ನಾಟಿ ಕಟ್ಟು ಕಟ್ಟಿಸುವುದು ಬೇಡ. ತೊಡೆಯ ಮೇಲ್ಭಾಗದ ಮುರಿತಕ್ಕೆ ಕಟ್ಟು ಕೂರುವುದಿಲ್ಲ, ಕಳೆದ ದಿನಗಳು ಮಾತ್ರ ಹಿಂದೆ ಬರುವುದಿಲ್ಲ.

108ಕ್ಕೆ ಫೋನ್ ಮಾಡಿ. ಕಾಲುಗಳ ನಡುವೆ ದಿಂಬಿಟ್ಟು, ಕಂಬಳಿ ಹೊದಿಸಿ, ಹಾಗೇ ಮಲಗಿರಲಿ. ಆಟೋದಲ್ಲಿ ಮಡಚಿ ಕೂರಿಸಬೇಡಿ. ಗಾಬರಿಗೆ ಕಾಫಿ, ನೀರು ಕುಡಿಸಬೇಡಿ, ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿಯಿರಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲೂ ಮೂಳೆ ವಿಭಾಗವಿದೆ. ಸೊಂಟದ ಮುರಿತಕ್ಕೆ 48 ಗಂಟೆಯೊಳಗೆ ಆಪರೇಷನ್ ಆದರೆ ಒಳ್ಳೆಯದು, ಹಾಸಿಗೆಯಲ್ಲಿ ಕಳೆದ ಪ್ರತಿ ದಿನವೂ ನ್ಯುಮೋನಿಯಾಕ್ಕೆ, ಬೆನ್ನುಹುಣ್ಣಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ದಾರಿ. ತಲೆಗೆ ಪೆಟ್ಟಾಗಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಾದರೆ ಚೆನ್ನಾಗಿ ಮಾತಾಡುತ್ತಿದ್ದರೂ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲೂ ನೋವಿಲ್ಲ, ಕೈಕಾಲು ಆಡುತ್ತಿವೆ ಎಂದಾದರೆ ಅವರೇ ಏಳಲಿ, ನೀವು ಕುರ್ಚಿ ತಂದುಕೊಡಿ. ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಕುರ್ಚಿಯ ಮೇಲೆ ಎರಡೂ ಕೈಯೂರಿ, ಬಲವಿರುವ ಪಾದವನ್ನು ಮುಂದಿಟ್ಟು, ಮೇಲೆದ್ದು, ತಿರುಗಿ ಕೂರುವುದು. ಬೀಳುವ ಮೊದಲೇ ಇದನ್ನು ಹಾಸಿಗೆಯ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿಸಿ. ಒಬ್ಬರೇ ಇರುವವರ ಕೊರಳಲ್ಲಿ ಮೊಬೈಲ್ ಇರಲಿ. ಬಚ್ಚಲಲ್ಲಿ, ನೆಲದಿಂದ ಕೈಗೆ ಎಟುಕುವ ಎತ್ತರದಲ್ಲಿ ಒಂದು ಗಂಟೆಯ ದಾರವೋ ಕಾಲಿಂಗ್ ಬೆಲ್ಲೋ ಇರಲಿ. ಬಿದ್ದಲ್ಲೇ ಗಂಟೆಗಟ್ಟಲೆ ಬಿದ್ದಿದ್ದರೆ ಮೂಳೆ ಮುರಿಯದಿದ್ದರೂ ಒತ್ತಡಕ್ಕೆ ಸಿಕ್ಕಿದ ಸ್ನಾಯು ಒಡೆದು ಕಿಡ್ನಿ ಕೆಡಬಹುದು.

ಒಮ್ಮೆ ಮುರಿದವರಿಗೆ ಇನ್ನೊಮ್ಮೆ ಮುರಿಯುವ ಅಪಾಯ ಹೆಚ್ಚು, ಅದರಲ್ಲೂ ಮೊದಲ ಎರಡು ವರ್ಷ. ಹಾಗಿದ್ದೂ ರಾಡು ಹಾಕಿ, ಹೊಲಿಗೆ ಬಿಚ್ಚಿ ಮನೆಗೆ ಬಂದ ಮೇಲೆ ಮೂಳೆಯ ಔಷಧದ ಮಾತೇ ಬರುವುದಿಲ್ಲ. ಡಿಸ್ಚಾರ್ಜ್ ಆಗುವ ದಿನ ವೈದ್ಯರನ್ನು ಎರಡು ಪ್ರಶ್ನೆ ಕೇಳಿಯೇ ಹೊರಡಿ: ಟೊಳ್ಳು ಮೂಳೆಗೆ ಯಾವ ಔಷಧ, ಯಾವತ್ತಿನಿಂದ? ಕಾಲೂರಿ ನಡೆಸುವುದು ಯಾವತ್ತಿನಿಂದ, ಎಷ್ಟು ಭಾರ ಹಾಕಬಹುದು? ಉತ್ತರವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.